ಬಿಡ್ತು ಅನ್ನು

ಕ್ಲಚ್ಚು ಗಟ್ಟಿಯಾಯ್ತು ಅಂದ್ರೆ ಅದಕ್ಕೆ ಕಾರಣ ನಾಲ್ಕೋ ಐದೋ ಇರುತ್ತವೆ, ನಲವತ್ತಲ್ಲ. ಕೇಬಲ್ ಒಣಗಿರುತ್ತೆ. ಇಲ್ಲಾ ಒಳಗಿನ ತಂತಿ ಒಂದೆರಡು ಎಳೆ ಬಿಟ್ಟುಕೊಂಡಿರುತ್ತೆ. ಹ್ಯಾಂಡಲ್ ಹತ್ತಿರ ಕೇಬಲ್ ಸೊಟ್ಟಗೆ ಮಡಚಿಕೊಂಡಿರುತ್ತೆ, ಲಿವರಿನ ಬೋಲ್ಟಿಗೆ ಮಣ್ಣು ಮೆತ್ತಿರುತ್ತೆ. ಆಯುಧಪೂಜೆ ಕಳೆದ ವಾರವಾದರೆ ಅರಿಶಿನ ಕುಂಕುಮವೂ ಸಿಗುತ್ತೆ. ನಂಜನಗೂಡಿನ ಗುರುವಿಗೆ ಇವೆಲ್ಲ ಕಣ್ಣು ಮುಚ್ಚಿದರೂ ಗೊತ್ತು, ಇಪ್ಪತ್ತು ವರ್ಷದಿಂದ ಅದೇ ಕೆಲಸ. ಆದರೆ ಇನ್ನೊಂದು ಕಾರಣ ಇದೆ. ಅದನ್ನ ಯಾವ ಮೆಕ್ಯಾನಿಕ್ಕೂ ಬಾಯಿಬಿಟ್ಟು ಹೇಳಲ್ಲ. ಗುರುವೂ ಹೇಳಲಿಲ್ಲ. ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಜೂನ್ ತಿಂಗಳು, ಶಾಲೆ ಶುರುವಾಗಿ ಹದಿನೈದು ದಿನ. ಬೆಳಿಗ್ಗೆ ಏಳೂವರೆಗೆ ಗುರು ಶಟರ್ ಇನ್ನೂ ಅರ್ಧ ಎತ್ತಿದ್ದ. ಬದರೀನಾರಾಯಣ ಮೇಷ್ಟ್ರು ಬೈಕ್ ತಂದು ನಿಲ್ಲಿಸಿದರು.

“ಏನಪ್ಪಾ ಗುರುಗಳೇ, ಶಿಷ್ಯನ ಕಡೆ ಸ್ವಲ್ಪ ನೋಡ್ತೀರಾ?”

ಇದು ಅವರ ಹಳೇ ತಮಾಷೆ. ಎಂಟು, ಒಂಬತ್ತು, ಹತ್ತು, ಮೂರೂ ಕ್ಲಾಸಿಗೆ ಗುರುವಿಗೆ ಕನ್ನಡ ಕಲಿಸಿದವರು ಅವರು. ಮೊದಲನೇ ದಿನ ಹಾಜರಿ ಕೂಗುವಾಗ ಈ ಹೆಸರು ಬಂದದ್ದೇ, “ಓಹೋ, ಪಾಠ ಮಾಡೋದು ನಾನು, ಗುರು ಅನ್ನಿಸಿಕೊಳ್ಳೋದು ನೀನಾ?” ಅಂದಿದ್ದರು. ಇಡೀ ಕ್ಲಾಸು ನಕ್ಕಿತ್ತು. ಬದನವಾಳು ಕಡೆಯಿಂದ ಬಸ್ಸಿನಲ್ಲಿ ಬಂದು, ಹಿಂದಿನ ಬೆಂಚಿನಲ್ಲಿ ಮುದುರಿ ಕೂತಿದ್ದ ದೊಡ್ಡಮಾದಯ್ಯನ ಈ ಮಗನನ್ನ ಅವತ್ತೇ ಮುಂದಿನ ಬೆಂಚಿಗೆ ಎಳೆದು ಕೂರಿಸಿದ್ದರು. ಅದನ್ನ ಗುರು ಮರೆತಿಲ್ಲ, ಅವನ ಅಪ್ಪ ಸಾಯೋತನಕ ಮರೆತಿರಲಿಲ್ಲ. ಅಂಗಡಿಯ ಗೋಡೆ ಮೇಲೆ ಬುದ್ಧನ ಫೋಟೊ, ಅದರ ಪಕ್ಕ ಶಾಲೆಯ ಗ್ರೂಪ್ ಫೋಟೊ. ಅದರಲ್ಲಿ ಮೇಷ್ಟ್ರು ನಡುವೆ ಕೂತಿದ್ದಾರೆ.

ಮೇಷ್ಟ್ರು ಎಡಚರು. ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದರೆ ಅಕ್ಷರ ಮುತ್ತು ಪೋಣಿಸಿದ ಹಾಗೆ. ಗುರು ಅಂಗಡಿ ಇಟ್ಟಾಗ ಪೇಂಟರ್ ಅಮೃತೇಶ್ ಬೋರ್ಡಿನ ಮೇಲೆ ‘ವಿಲರ್’ ಅಂತ ಬರೆದುಬಿಟ್ಟಿದ್ದ. ಮೇಷ್ಟ್ರು ನೋಡಿ, “ಅಯ್ಯೋ ಪಾಪಿಗಳಾ, ದೀರ್ಘ ಎಲ್ರೋ?” ಅಂತ ಬೈದು, ಎಲ್ಲ ಅಳಿಸಿ, ತಾವೇ ಸ್ಟೂಲ್ ಹತ್ತಿ ಸೀಮೆಸುಣ್ಣದಲ್ಲಿ ‘ಗುರು ಟೂ ವೀಲರ್ ವರ್ಕ್ಸ್’ ಅಂತ ಬರೆದುಕೊಟ್ಟರು. ಅಮೃತೇಶ್ ಅದರ ಮೇಲೇ ಬಣ್ಣ ತುಂಬಿದ. ಅಕ್ಷರಗಳೆಲ್ಲ ಸ್ವಲ್ಪ ಎಡಕ್ಕೆ ವಾಲಿವೆ. ಇವತ್ತಿಗೂ ಅದೇ ಬೋರ್ಡು.

“ಕ್ಲಚ್ಚು ಭಾರ ಕಣೋ,” ಅಂದರು ಮೇಷ್ಟ್ರು. “ಸುತ್ತೂರು ದಾಟೋ ಹೊತ್ತಿಗೆ ಕೈ ಸೋತು ಸುಣ್ಣ.”

ಅವರು ದಿನಾ ನಂಜನಗೂಡಿನಿಂದ ಸುತ್ತೂರಿನ ಮೇಲೆ ಟಿ. ನರಸೀಪುರಕ್ಕೆ ಹೋಗಿ ಬರುವವರು. ಅಲ್ಲಿಗೆ ವರ್ಗವಾಗಿ ಆರು ವರ್ಷ, ರಿಟೈರಾಗೋಕೆ ಇನ್ನೆರಡು. ಬಸ್ಸಿಗೆ ಕಾಯೋದು ಅಂದರೆ ಅವರಿಗೆ ಮೈ ಉರಿಯುತ್ತೆ.

ಗುರು ಲಿವರ್ ಒತ್ತಿ ನೋಡಿದ. ಎರಡು ಬೆರಳಿಗೇ ಬಂತು. ಹಗುರವಾಗಿಯೇ ಬಂತು. ಆದರೆ ಮೇಷ್ಟ್ರು ಭಾರ ಅಂದಮೇಲೆ ಇವನು ಇಲ್ಲ ಅನ್ನೋಕಾಗುತ್ತಾ? ಕೇಬಲ್ ಬಿಚ್ಚಿ, ಮೇಲಿಂದ ಆಯಿಲ್ ಇಳಿಸಿ, ಬೋಲ್ಟಿಗೆ ಗ್ರೀಸ್ ಹಚ್ಚಿ ಕೊಟ್ಟ.

“ಒಣಗೋಗಿತ್ತು ಸಾ. ಈಗ ನೋಡಿ.”

ಮೇಷ್ಟ್ರು ಅಂಗೈ ಪೂರ್ತಿ ಹಾಕಿ ಒತ್ತಿದರು. ಹಲ್ಲು ಕಚ್ಚಿಕೊಂಡಿದ್ದರು. “ಪರವಾಗಿಲ್ಲ” ಅಂದರು, ಹೋದರು.

ಮೂರು ವಾರಕ್ಕೆ ಮತ್ತೆ ಬಂದರು. ಈ ಸಲ ಗುರು ಹೊಸ ಕೇಬಲ್ಲೇ ಹಾಕಿದ. ಹಾಕುವಾಗ ಮೇಷ್ಟ್ರು ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಲೋಟ ಬಲಗೈಯಲ್ಲಿತ್ತು. ಇವನು ತಿರುಗಿ ನೋಡಿದ. ಬಲಗೈ ತೋಳಿನ ಗುಂಡಿ ಹಾಕಿರಲಿಲ್ಲ. ಆ ಗುಂಡಿಯನ್ನ ಎಡಗೈಯಲ್ಲಿ ತಾನೇ ಹಾಕಬೇಕು? ಎಡಗೈ ತೊಡೆ ಮೇಲಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರಬೇಕಾದ ಮಾಂಸ ಇಳಿದುಹೋಗಿ, ಅಲ್ಲಿ ಗುಳಿ ಬಿದ್ದಿತ್ತು. ಬಲಗೈ ಹಾಗಿರಲಿಲ್ಲ. ಗುರು ಪಾನಾ ಕೆಳಗಿಟ್ಟ.

“ಸಾ, ಕೈಗೇನಾದ್ರೂ ಪೆಟ್ಟಾಗಿತ್ತಾ?”

“ನನ್ನ ಕೈಗೇನೋ ಧಾಡಿ? ಗಾಡಿ ರಿಪೇರಿ ಮಾಡೋ ಅಂದ್ರೆ ನನ್ನನ್ನೇ ರಿಪೇರಿ ಮಾಡೋಕೆ ಬರ್ತೀಯಲ್ಲ!” ಮೇಷ್ಟ್ರು ಜೋರಾಗಿ ನಕ್ಕರು. ಬೇಕಾದ್ದಕ್ಕಿಂತ ಜೋರಾಗಿ. ನಕ್ಕು, ಎಡಗೈಯನ್ನ ಜೇಬಿಗೆ ಇಳಿಸಿಕೊಂಡರು.

“ಗಾಡೀದೇನು ತೊಂದ್ರೆ, ಅದನ್ನ ಹೇಳು.”

“ಕೇಬಲ್ದೇ ಸಾ. ಒಳಗೆ ಎಳೆ ಬಿಟ್ಟಿತ್ತು.”

ಬಿಟ್ಟಿರಲಿಲ್ಲ. ಬಿಚ್ಚಿದ ಕೇಬಲ್ಲು ಚೆನ್ನಾಗೇ ಇತ್ತು. ಅದನ್ನ ಸುರುಳಿ ಸುತ್ತಿ, ಮೇಷ್ಟ್ರ ಕಣ್ಣಿಗೆ ಬೀಳದ ಹಾಗೆ ಬೆಂಚಿನ ಕೆಳಕ್ಕೆ ತಳ್ಳಿದ.

ಅವತ್ತು ಮನೆಗೆ ಹೋದವನು ಸುಮ್ಮನಿರಲಾರದೆ ಅವ್ವನ ಹತ್ತಿರ ಹೇಳಿದ. ಮಾದಮ್ಮ ಜಗಲಿ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

“ಅವ್ವ, ನಮ್ ಮೇಷ್ಟ್ರ ಎಡಗೈ ಓಗ್ಬುಡ್ತದೆ ಅನ್ಸುತ್ತೆ ಕಣವ್ವ.”

“ಥೂ, ನಿನ್ ಬಾಯ್ಗೆ ಮಣ್ಣಾಕ! ಬುಡ್ತು ಅನ್ನು! ವಿದ್ಯೆ ಕೊಟ್ಟ ಕೈಗೆ ಅಂಗಂದೀಯಲ್ಲ, ನಾಲ್ಗೆ ಸೇದೋಗಾ! ಬುಡ್ತು ಅನ್ನು ಮೊದ್ಲು!”

“ಬುಡ್ತು,” ಅಂದ ಗುರು.

ನಮ್ಮ ಕಡೆ ಹಾಗೆ. ಕೆಟ್ಟ ಮಾತು ಬಾಯಿಗೆ ಬಂದರೆ ತಕ್ಷಣ ಬಿಡ್ತು ಅನ್ನಬೇಕು. ಅಂದರೆ ಆಡಿದ ಮಾತು ಅಲ್ಲಿಗೇ ಬಿಟ್ಟುಹೋಯಿತು, ಯಾರಿಗೂ ತಟ್ಟಲ್ಲ ಅಂತ ಲೆಕ್ಕ. ಸರಿ, ಮಾತು ಬಿಟ್ಟುಹೋಗುತ್ತೆ. ಕೈಗೆ ಬಂದಿರೋದು ಬಿಟ್ಟುಹೋಗುತ್ತಾ? ಅದನ್ನ ಯಾವ ಅವ್ವನೂ ಹೇಳಿಲ್ಲ, ಯಾವ ಮಗನೂ ಕೇಳಿಲ್ಲ. ಗುರು ಆ ಮಾತನ್ನ ಮತ್ತೆ ಎತ್ತಲಿಲ್ಲ. ಎರಡು ಸಲ ಮೇಷ್ಟ್ರ ಮನೆ ಬೀದಿಯ ತನಕ ಹೋದ, ಅವರ ಹೆಂಡತಿ ಭಾಗೀರಥಮ್ಮನವರಿಗಾದರೂ ಹೇಳೋಣ ಅಂತ. ಬೀದಿಯ ತುದಿಯಲ್ಲಿ ನಿಂತು ವಾಪಸ್ ಬಂದ. ದೊಡ್ಡವರ ಮನೆಯ ಹೊಸ್ತಿಲಲ್ಲಿ ನಿಂತು ಅಪಶಕುನ ಆಡೋಕೆ ತಾನು ಯಾರು?

ಆಗಸ್ಟ್ ಕೊನೆಗೆ ಮೇಷ್ಟ್ರು ಬಂದಾಗ ಮೊಣಕಾಲಿಗೆ ಪಟ್ಟಿ ಇತ್ತು. ಸುತ್ತೂರಿನ ತಿರುವಿನಲ್ಲಿ ಅಡ್ಡ ದನ ಬಂದಿದೆ. ಕ್ಲಚ್ ಹಿಡಿಯೋಕಾಗದೆ ಗಾಡಿ ಗಕ್ಕನೆ ನಿಂತು ಮಗುಚಿಕೊಂಡಿದೆ. ಪುಣ್ಯಕ್ಕೆ ಹಿಂದೆ ಯಾವ ಲಾರಿಯೂ ಇರಲಿಲ್ಲ.

“ಏನೋ ಗುರು, ನಿನ್ನ ಕೈಗುಣ ಹೋಯ್ತೇನೋ? ಎರಡು ಸಲ ಬಂದರೂ ಕ್ಲಚ್ಚು ಹಾಗೇ ಇದೆಯಲ್ಲ.”

ಗುರು ಸುತ್ತಿ ಬಳಸಿ ಹೇಳಲು ನೋಡಿದ. “ಸಾ, ಸ್ಕೂಟಿ ತಕಬುಡಿ ಸಾ. ಕ್ಲಚ್ಚೇ ಇರಲ್ಲ, ರಾಮ್‌ರಾಮಾ ಅಂತ ಓಗ್ಬೋದು.”

“ಇನ್ನೆರಡು ವರ್ಷಕ್ಕೆ ಹೊಸ ಗಾಡಿ ಬೇರೆ ಕೇಡು! ಇಪ್ಪತ್ತೆರಡು ವರ್ಷ ಹೊತ್ತುಕೊಂಡು ತಿರುಗಿದೆ ಕಣೋ ಇದು. ಈಗ ಕೈಬಿಡು ಅಂತೀಯಾ?” ಹಾಗೆ ಅಂದವರು ದನಿ ತಗ್ಗಿಸಿದರು. “ಏನಾದರೂ ಮಾಡೋ. ನಿನ್ನಿಂದ ಆಗಲ್ಲ ಅಂತ ಮಾತ್ರ ಹೇಳಬೇಡ.”

ಮೇಷ್ಟ್ರು ಯಾವತ್ತೂ ಯಾರನ್ನೂ ಹಾಗೆ ಬೇಡಿದವರಲ್ಲ. ಗುರುವಿಗೆ ಮಾತು ನಾಲಿಗೆ ತುದಿಗೆ ಬಂತು: ಸಾ, ಗಾಡಿ ಸರಿ ಐತೆ, ಕೈ ತೋರಿಸಿ. ಆರೇ ಆರು ಮಾತು. ನುಂಗಿಕೊಂಡ.

“ಸಾಯಂಕಾಲ ಬನ್ನಿ ಸಾ. ಇಂಜಿನ್ ಬಿಚ್ಚಿ ನೋಡ್ತೀನಿ.”

ಅವನು ಮಾಡಿದ್ದು ಇಷ್ಟು. ಆಯಿಲ್ ಇಳಿಸಿ, ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದ. ಕ್ಲಚ್ಚಿನ ಪ್ಲೇಟುಗಳನ್ನ ಒತ್ತಿ ಹಿಡಿಯೋಕೆ ಅಲ್ಲಿ ನಾಲ್ಕು ಸ್ಪ್ರಿಂಗ್ ಇರುತ್ತವೆ. ಲಿವರ್ ಒತ್ತುವಾಗ ಕೈಗೆ ಭಾರ ಅನ್ನಿಸೋದು ಆ ಸ್ಪ್ರಿಂಗಿನ ಬಿಗಿಯೇ. ನಾಲ್ಕೂ ಗಟ್ಟಿಮುಟ್ಟಾಗಿದ್ದವು. ಅವನ್ನ ತೆಗೆದು ಪಕ್ಕಕ್ಕಿಟ್ಟ. ಬೇರೆಯವರ ಗಾಡಿಯಿಂದ ಕಿತ್ತು ಹಾಕಿದ್ದ, ಬಿಗಿ ಸತ್ತುಹೋದ ಸ್ಪ್ರಿಂಗುಗಳು ಗುಜರಿ ಡಬ್ಬದಲ್ಲಿ ಬೇಕಾದಷ್ಟಿದ್ದವು. ಅದರಲ್ಲಿ ಹುಡುಕಿ ಹುಡುಕಿ ನಾಲ್ಕು ಸತ್ತವನ್ನ ಆರಿಸಿ ಒಳಗೆ ಕೂರಿಸಿದ. ಗಾಡಿಗೆ ಎಳೆತ ಕಡಿಮೆಯಾಗುತ್ತೆ, ಏರು ಬಂದರೆ ಇಂಜಿನ್ ಕೂಗುತ್ತೆ ಹೊರತು ಚಕ್ರ ತಿರುಗಲ್ಲ, ಪ್ಲೇಟ್ ಸುಡುತ್ತೆ. ಅವನಿಗೆ ಎಲ್ಲ ಗೊತ್ತಿತ್ತು. ಹದಿನೈದು ಅಂಗಡಿ ಇರೋ ಊರಲ್ಲಿ ಬೇರೆ ಯಾವನಾದರೂ ಈ ಕೆಲಸ ಮಾಡಿದ್ದರೆ ಗುರುವೇ ಅವನಿಗೆ ಚಪ್ಪಲಿ ತೋರಿಸುತ್ತಿದ್ದ.

ಸಾಯಂಕಾಲ ಮೇಷ್ಟ್ರು ಲಿವರ್ ಒತ್ತಿದರು. ಕಣ್ಣು ಅಗಲವಾಯಿತು. ಇನ್ನೊಮ್ಮೆ ಒತ್ತಿದರು. “ಬೆಣ್ಣೆ! ಬೆಣ್ಣೆ ಕಣೋ! ಏನು ಮಾಡಿದೆಯೋ ಮಹರಾಯ?”

“ಸ್ಪ್ರಿಂಗ್ ಸಾ. ಅದ್ರದ್ದೇ ತೊಂದ್ರೆ ಇದ್ದಿದ್ದು.”

“ನೋಡಿದ್ಯಾ! ನಾನು ಹೇಳಲಿಲ್ವಾ ಗಾಡೀದೇ ಅಂತ?” ಮಕ್ಕಳ ಹಾಗೆ ಕುಣಿದಾಡಿಬಿಟ್ಟರು. ಗುರುವಿನ ಬೆನ್ನು ತಟ್ಟಿದರು, ಬಲಗೈಯಲ್ಲಿ. ಅವತ್ತು ಗುರುವಿಗೆ ಏನೋ ಸಾಧಿಸಿದ ಸಮಾಧಾನ. ಥೂ, ಅದೊಂದು ಸಮಾಧಾನವಾ? ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಸಿಗಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾದ ವಾರ, ಮಧ್ಯಾಹ್ನ ಮೇಷ್ಟ್ರ ಫೋನು. ಗಾಡಿ ಏರಿನಲ್ಲಿ ಕೈಕೊಟ್ಟು, ಟಿ. ನರಸೀಪುರದಲ್ಲಿ ಶಿವಮಲ್ಲಪ್ಪ ಅನ್ನೋ ಮೆಕ್ಯಾನಿಕ್ ಹತ್ತಿರ ಬಿಟ್ಟಿದ್ದಾರಂತೆ. “ಅವನು ಏನೇನೋ ಅಂತಾನೆ, ನೀನೇ ಬಂದು ಮಾತಾಡೋ,” ಅಂದರು. ಗುರು ಕೈಲಿದ್ದ ಕೆಲಸ ಅಲ್ಲಿಗೇ ಬಿಟ್ಟ. ಅಂಗಡಿಗೆ ಬೀಗ ಹಾಕಿ ಬಸ್ ಹತ್ತಿದ.

ಹೋಗುವಷ್ಟರಲ್ಲಿ ಶಿವಮಲ್ಲಪ್ಪ ಕೆಲಸ ಮುಗಿಸಿದ್ದ. ವಯಸ್ಸಾದ ಮನುಷ್ಯ, ಬಾಯಿ ಜೋರು. ಬೆಂಚಿನ ಮೇಲೆ ಆ ನಾಲ್ಕು ಸ್ಪ್ರಿಂಗುಗಳನ್ನ ಸಾಲಾಗಿ ಇಟ್ಟಿದ್ದ.

“ನೀನೇನಪ್ಪಾ ಇದುನ್ನ ಮಾಡಿದ್ದು? ಸತ್ತೋಗಿರೋ ಸ್ಪ್ರಿಂಗ್ ಆಕಿದ್ದೀಯಲ್ಲ, ಒಟ್ಟೆಗೆ ಅನ್ನ ತಿಂತೀಯಾ ಏನ್ ತಿಂತೀಯಾ? ಇಂಥಾ ದೊಡ್ ಮನುಷ್ಯರ ಗಾಡಿಗೆ ಇಂಥಾ ಮೋಸ ಮಾಡ್ತಾರೇನ್ಲಾ?”

ಗುರು ತಲೆ ತಗ್ಗಿಸಿ ನಿಂತ. ಮೇಷ್ಟ್ರು ಅವನನ್ನೇ ನೋಡುತ್ತಿದ್ದರು, ಏನಾದರೂ ಹೇಳುತ್ತಾನೆ ಅಂತ.

“ಒಸಾ ಸ್ಪ್ರಿಂಗ್ ಆಕಿದ್ದೀನಿ ಸಾ, ಪ್ಲೇಟೂ ಒಸಾದು. ಒತ್ತಿ ನೋಡಿ,” ಅಂದ ಶಿವಮಲ್ಲಪ್ಪ.

ಮೇಷ್ಟ್ರು ಎಡಗೈ ಹಾಕಿದರು. ಲಿವರ್ ಅಲ್ಲಾಡಲಿಲ್ಲ. ಬಲಗೈಯನ್ನ ಅದರ ಮೇಲಿಟ್ಟು ಎರಡೂ ಕೈ ಸೇರಿಸಿ ಒತ್ತಿದರು. ಬಲಗೈಯ ಬಲಕ್ಕೆ ಲಿವರ್ ಬಂತು. ಬಲಗೈ ತೆಗೆದದ್ದೇ ಎಡಗೈಯ ಬೆರಳುಗಳನ್ನ ತಳ್ಳಿಕೊಂಡು ಫಟ್ಟನೆ ವಾಪಸ್ ಹೋಯಿತು.

“ಗಟ್ಟಿ ಇದೆಯಲ್ಲಪ್ಪ,” ಅಂದರು.

“ಗಟ್ಟಿ? ಎಲ್ ಸಾ ಗಟ್ಟಿ?” ಶಿವಮಲ್ಲಪ್ಪ ಬೇರೆ ಯಾರಿಗೋ ಪಾನಾ ತರಲು ಕೂಗುತ್ತಲೇ ಕೈ ಚಾಚಿ ಲಿವರ್ ಒತ್ತಿ ತೋರಿಸಿದ. ಕಿರುಬೆರಳು, ಉಂಗುರದ ಬೆರಳು, ಎರಡೇ. ಅವನಿಗೆ ತಾನು ಏನು ತೋರಿಸುತ್ತಿದ್ದೇನೆ ಅನ್ನೋದೇ ಗೊತ್ತಿರಲಿಲ್ಲ ಪಾಪ. ಮೇಷ್ಟ್ರು ಆ ಬೆರಳುಗಳನ್ನ ನೋಡಿದರು. ಆಮೇಲೆ ಬೆಂಚಿನ ಮೇಲಿದ್ದ ನಾಲ್ಕು ಸ್ಪ್ರಿಂಗ್ ನೋಡಿದರು. ಆಮೇಲೆ ಗುರುವನ್ನ ನೋಡಿದರು. ಮೂವತ್ತೈದು ವರ್ಷ ಮಕ್ಕಳ ಮುಖ ಓದಿದ ಮನುಷ್ಯ ಅವರು, ಏನೂ ಕೇಳಬೇಕಾಗಿರಲಿಲ್ಲ.

ವಾಪಸ್ ಬರುವಾಗ ಗುರು ಗಾಡಿ ಓಡಿಸಿದ, ಮೇಷ್ಟ್ರು ಹಿಂದೆ ಕೂತರು. ಎಡಗೈ ಇವನ ಭುಜದ ಮೇಲಿತ್ತು. ಹಿಡಿತವೇ ಇರಲಿಲ್ಲ ಅದರಲ್ಲಿ. ಪ್ರತೀ ಹಳ್ಳಕ್ಕೂ ಜಾರಿ ಬೀಳುತ್ತಿತ್ತು, ಮತ್ತೆ ಎತ್ತಿ ಇಟ್ಟುಕೊಳ್ಳುತ್ತಿದ್ದರು. ಸುತ್ತೂರು ಬಂದಾಗ ಕೇಳಿದರು.

“ಯಾವತ್ತಿಂದ ಗೊತ್ತಿತ್ತೋ?”

ಗಾಳಿಗೆ ಕೇಳಿಸಲಿಲ್ಲ ಅಂತ ನಟಿಸಬಹುದಾಗಿತ್ತು. “ಕೇಬಲ್ ಆಕ್ದಾಗಿಂದ ಸಾ,” ಅಂದ ಗುರು.

“ಜುಲೈ.”

“ಊಂ ಸಾ.”

ಕ್ಲಾಸಿನಲ್ಲಿ ಅವರದ್ದೊಂದು ಕಾಯಿದೆ ಇತ್ತು. ಗೊತ್ತಿಲ್ಲ ಅಂದವನಿಗೆ ಏನೂ ಅನ್ನುತ್ತಿರಲಿಲ್ಲ, ಗೊತ್ತಿದ್ದೂ ಬಾಯಿಬಿಡದವನನ್ನ ಮಾತ್ರ ಪೀರಿಯಡ್ ಮುಗಿಯೋ ತನಕ ನಿಲ್ಲಿಸುತ್ತಿದ್ದರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಅಂತ ಗುರು ನಂಜನಗೂಡಿನ ತನಕ ಕಾದ. ಒಂದೇ ಒಂದು ಮಾತು ಬೈದಿದ್ದರೂ ಹಗುರವಾಗುತ್ತಿದ್ದ. ಅವರು ಬೈಯಲಿಲ್ಲ.

ಮಾರನೇ ದಿನ ಅವರೇ ಮೈಸೂರಿಗೆ ಹೋಗಿ ತೋರಿಸಿದರು. ಕುತ್ತಿಗೆಯ ಮೂಳೆ ಸವೆದು ಕೈಗೆ ಹೋಗೋ ನರವನ್ನ ಒತ್ತಿತ್ತಂತೆ. ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದು ಎರಡೇ ಮಾತು: ಇಷ್ಟಕ್ಕೇ ನಿಲ್ಲುತ್ತೆ, ಮುಂದೆ ಹೋಗಲ್ಲ. ಹೋದದ್ದು ಬರಲ್ಲ. ಮೂರು ನಾಲ್ಕು ತಿಂಗಳು ಮುಂಚೆ ಬಂದಿದ್ದರೆ ಬೇರೆ ಮಾತು ಹೇಳುತ್ತಿದ್ದೆ, ಅಂತಲೂ ಅಂದರಂತೆ. ಇದೆಲ್ಲ ಗುರುವಿಗೆ ಊರಿನವರ ಬಾಯಲ್ಲಿ ತಿಳಿಯಿತು. ಮೂರು ನಾಲ್ಕು ತಿಂಗಳು ಅನ್ನೋದನ್ನ ಅವನು ಬೆರಳು ಮಡಚಿ ಎಣಿಸಿದ. ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಸರಿಯಾಗಿ ಅಷ್ಟೇ ಇತ್ತು.

ಡಿಸೆಂಬರಿನಲ್ಲಿ ಒಂದು ಭಾನುವಾರ ಧೈರ್ಯ ಮಾಡಿ ಮನೆಗೆ ಹೋದ. ಮೇಷ್ಟ್ರು ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಮುಂದೆ ಟೀಪಾಯಿ, ಅದರ ಮೇಲೆ ನೋಟ್‌ಬುಕ್ಕು, ಬಲಗೈಯಲ್ಲಿ ಪೆನ್ನು. ಎಡಗೈ ದಿಂಬಿನ ಮೇಲಿತ್ತು, ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ. ಭಾಗೀರಥಮ್ಮ ಕಾಫಿ ತಂದರು.

“ಕೂತ್ಕೋಪ್ಪ ಗುರು. ನೀನೊಬ್ಬ ಇಲ್ಲದೇ ಇದ್ದಿದ್ರೆ ಇವರು ಶಾಲೆಗೇ ಹೋಗೋಕಾಗ್ತಿರಲಿಲ್ಲ. ಗುರು ಗಾಡಿ ಬೆಣ್ಣೆ ಮಾಡಿಕೊಟ್ಟ, ಬೆಣ್ಣೆ ಮಾಡಿಕೊಟ್ಟ ಅಂತ ಅದೆಷ್ಟು ಸಲ ಹೇಳಿದಾರೋ. ನಿನ್ನ ಹೊಟ್ಟೆ ತಣ್ಣಗಿರಲಿ.”

ಮೇಷ್ಟ್ರು ಹೆಂಡತಿಗೆ ಹೇಳೇ ಇರಲಿಲ್ಲ. ಗುರು ಕಾಫಿ ಲೋಟ ಕೆಳಗಿಟ್ಟು ಅತ್ತೇಬಿಟ್ಟ.

“ಅಂಗನ್ಬೇಡಿ ಅಮ್ಮಾರೆ. ನನಗೆ ಗೊತ್ತಿತ್ತು. ಗಾಡೀಲೇನೂ ಇರ್ನಿಲ್ಲ. ಮೊದ್ಲೇ ಏಳಿದ್ರೆ ಮೇಷ್ಟ್ರ ಕೈ ಉಳಿಯೋದು. ನಾನೇ ಕಳ್ದಿದ್ದು.”

ಭಾಗೀರಥಮ್ಮ ಗಂಡನ ಮುಖ ನೋಡಿದರು. ಮೇಷ್ಟ್ರು ಪೆನ್ನಿನ ಕ್ಯಾಪ್ ಹಾಕೋಕೆ ನೋಡಿದರು, ಒಂದೇ ಕೈಯಲ್ಲಿ ಆಗಲಿಲ್ಲ, ಬಿಟ್ಟರು.

“ಏಯ್, ಎಲ್ಲ ನಿನ್ನ ತಲೆ ಮೇಲೇ ಹಾಕ್ಕೋಬೇಡ. ನನಗೂ ಗೊತ್ತಿತ್ತು ಕಣೋ. ಏಪ್ರಿಲ್‌ನಲ್ಲೇ ಸೀಮೆಸುಣ್ಣ ಕೈಯಿಂದ ಬಿದ್ದುಹೋಗ್ತಿತ್ತು. ಜೂನ್‌ನಿಂದ ಬೋರ್ಡಿನ ಮೇಲೆ ನಾನು ಒಂದಕ್ಷರ ಬರೆದಿಲ್ಲ, ಬಾಯಲ್ಲೇ ಪಾಠ ಮಾಡ್ತಿದ್ದೆ. ನಿನ್ನ ಹತ್ರ ಯಾಕೆ ಬರ್ತಿದ್ದೆ ಹೇಳು? ಗಾಡೀದೇ ತೊಂದ್ರೆ ಸಾ ಅಂತ ನೀನು ಅಂತಿದ್ದೆಯಲ್ಲ, ಅದನ್ನ ಕೇಳೋಕೆ. ಬೇರೆ ಯಾರ ಹತ್ರ ಹೋದರೂ ನಿಜ ಹೇಳಿಬಿಡ್ತಿದ್ದರು. ನೀನು ಹೇಳಲ್ಲ ಅಂತ ನಂಬಿಕೊಂಡೇ ಬರ್ತಿದ್ದೆ.”

ಹಾಗೆ ಅಂದು ಮೇಷ್ಟ್ರು ನೋಟ್‌ಬುಕ್ಕನ್ನ ಅವನ ಕಡೆ ತಿರುಗಿಸಿದರು. ಪುಟದ ತುಂಬ ಅವರ ಸಹಿ, ಬಲಗೈಯಲ್ಲಿ ಹಾಕಿದ್ದು. ಮೇಲಿನ ಸಾಲಿನಿಂದ ಕೆಳಗಿನ ಸಾಲಿನ ತನಕ ಮೂವತ್ತೋ ನಲವತ್ತೋ ಇದ್ದವು. ಪಕ್ಕದಲ್ಲಿ ಹಳೇದೊಂದು ಅಂಕಪಟ್ಟಿ, ಅದರ ಮೇಲೆ ಎಡಕ್ಕೆ ವಾಲಿದ ಆ ಹಳೇ ಸಹಿ.

“ರಜೆ ಅರ್ಜಿಗೆ, ಬ್ಯಾಂಕಿಗೆ, ಎಲ್ಲದಕ್ಕೂ ಸಹಿ ಹೋಲಬೇಕಂತೆ. ಹೋಲದಿದ್ದರೆ ಹೆಬ್ಬೆಟ್ಟು ಒತ್ತಿ ಅಂತಾರೆ. ಕನ್ನಡ ಮೇಷ್ಟ್ರು ಹೆಬ್ಬೆಟ್ಟು ಒತ್ತೋದು ಚೆನ್ನಾಗಿರುತ್ತೇನೋ? ಇವಳು ಎಲ್ಲವೂ ಹೋಲುತ್ತೆ ಅಂತಾಳೆ. ನೀನು ನೋಡು, ಇದರಲ್ಲಿ ಯಾವುದಾದರೂ ಹೋಲುತ್ತಾ?”

ಗುರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಪುಸ್ತಕ ಹತ್ತಿರಕ್ಕೆ ತಂದುಕೊಂಡ. ಒಂದೊಂದೇ ನೋಡಿದ. ಅವನಿಗೆ ಆ ಅಕ್ಷರ ಗೊತ್ತು, ಇಪ್ಪತ್ತು ವರ್ಷ ದಿನಾ ಅಂಗಡಿಯ ಆ ಬೋರ್ಡಿನ ಕೆಳಗೇ ಕೂತು ಕೆಲಸ ಮಾಡಿದವನು. ಭಾಗೀರಥಮ್ಮ ಮೇಷ್ಟ್ರ ಬೆನ್ನ ಹಿಂದೆ ನಿಂತು, ಹೂಂ ಅನ್ನು, ಹೂಂ ಅನ್ನು ಅಂತ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

“ಇಲ್ಲ ಸಾ,” ಅಂದ. “ಒಂದೂ ಓಲಲ್ಲ. ಇನ್ ಓಲೋದೂ ಇಲ್ಲ.”

“ಬಿಡ್ತು ಅನ್ನೋ!” ಅಂದರು ಭಾಗೀರಥಮ್ಮ.

ಗುರು ಅನ್ನಲಿಲ್ಲ. ಮೇಷ್ಟ್ರು ಅವನನ್ನೇ ನೋಡುತ್ತಾ, ಸರಿ ಅನ್ನೋ ಹಾಗೆ ತಲೆಯಾಡಿಸಿ, ಪುಸ್ತಕ ವಾಪಸ್ ತೆಗೆದುಕೊಂಡು ಮುಚ್ಚಿದರು.